ಹಳೆಯ ಮ್ಯಾನ್ಯುವಲ್ ಲೆನ್ಸ್, ಮೊದಲ ಸಲದ ರೂಪದರ್ಶಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಫೋಕಸ್ ರಿಂಗನ್ನು ಕೈಯಲ್ಲೇ ತಿರುಗಿಸುವ ಹಳೆಯ ಲೆನ್ಸುಗಳನ್ನು ಅಡಾಪ್ಟರ್ ಮೂಲಕ ಡಿಜಿಟಲ್ ಕ್ಯಾಮೆರಾಕ್ಕೆ ಜೋಡಿಸಿ, ಮನೆಯವರ ಮತ್ತು ಗೆಳೆಯರ ಭಾವಚಿತ್ರ ತೆಗೆಯುವವರ ಪತ್ರಗಳೇ ಈ ಸಲ ಹೆಚ್ಚು. ಲೆನ್ಸಿನ ಬಗ್ಗೆ ಕೇಳಿದ ಪ್ರಶ್ನೆಗಳಲ್ಲೂ ತೊಡಕಿನ ಬೇರು ಹಲವು ಸಲ ಬೇರೆಡೆ ಇದೆ. ಕ್ಯಾಮೆರಾ ಮುಂದೆ ಮೊದಲ ಸಲ ನಿಂತವರ ತಾಳ್ಮೆ ಬೇಗ ಕರಗುತ್ತದೆ. ಮ್ಯಾನ್ಯುವಲ್ ಲೆನ್ಸ್ ಕೇಳುವುದು ಆ ತಾಳ್ಮೆಯನ್ನೇ. ಆದ್ದರಿಂದ ಅವರನ್ನು ನಿಲ್ಲಿಸುವ ಮೊದಲೇ ಏನೇನು ಮುಗಿಸಿಕೊಳ್ಳಬಹುದು ಎಂಬುದನ್ನು ಉತ್ತರಗಳಲ್ಲಿ ಮತ್ತೆ ಮತ್ತೆ ಹೇಳಿದ್ದೇವೆ.

ಪ್ರಶ್ನೆ: ಫುಲ್‌ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾಕ್ಕೆ ಹೀಲಿಯೋಸ್ 44-2 (58 ಎಂಎಂನ ಹಳೆಯ ಸೋವಿಯತ್ ಲೆನ್ಸ್) ಹಾಕಿ ತಂಗಿಯ ಫೋಟೊ ತೆಗೆಯುತ್ತೇನೆ. ಅಪರ್ಚರ್, ಅಂದರೆ ಲೆನ್ಸಿನೊಳಗಿನ ಬೆಳಕಿನ ಕಿಂಡಿ, ಪೂರ್ತಿ ತೆರೆದು ಎಫ್/2ರಲ್ಲಿ ತೆಗೆದ ಹೆಚ್ಚಿನ ಫೋಟೊಗಳಲ್ಲಿ ಕಣ್ಣು ಮಬ್ಬು, ಕಿವಿಯೋ ಮೂಗೋ ಸ್ಪಷ್ಟ. ತೆಗೆಯುವಾಗ ಮಾತ್ರ ಪೀಕಿಂಗ್‌ನ (ಫೋಕಸ್ ಆದ ಜಾಗವನ್ನು ಕ್ಯಾಮೆರಾ ಬಣ್ಣದಲ್ಲಿ ಗುರುತಿಸುವ ಸೌಲಭ್ಯ) ಕೆಂಪು ಗೆರೆ ಕಣ್ಣಿನ ಮೇಲೆಯೇ ಇರುತ್ತದೆ. ಲೆನ್ಸ್ ಕೆಟ್ಟಿದೆಯೇ? — ಧಾರವಾಡ

ಉತ್ತರ: ಲೆನ್ಸ್ ಕೆಟ್ಟಿರುವ ಸಾಧ್ಯತೆ ಕಡಿಮೆ. ಲೆಕ್ಕ ನೋಡಿ. 58 ಎಂಎಂ ಲೆನ್ಸ್, ಎಫ್/2, ಮುಖ ಒಂದೂವರೆ ಮೀಟರ್ ದೂರ: ಸ್ಪಷ್ಟವಾಗಿ ಕಾಣುವ ಆಳ ಸುಮಾರು 8 ಸೆಂ.ಮೀ. ಒಂದು ಮೀಟರಿಗೆ ಹತ್ತಿರ ಹೋದರೆ ಅದು 3.5 ಸೆಂ.ಮೀ.ಗೆ ಇಳಿಯುತ್ತದೆ. ಇದು ಸಾಧಾರಣ ಅಳತೆಯ ಪ್ರಿಂಟನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಕುವ ಲೆಕ್ಕ. ಕಂಪ್ಯೂಟರಿನಲ್ಲಿ ಫೋಟೊವನ್ನು ಪೂರ್ತಿ ಹಿಗ್ಗಿಸಿ ನೋಡುವವರು ಇದರ ಅರ್ಧವೇ ಸಿಗುತ್ತದೆ ಎಂದುಕೊಳ್ಳಬೇಕು. ನಿಂತವರು ಸುಮ್ಮನೆ ಉಸಿರಾಡಿದರೂ ಒಂದೆರಡು ಸೆಂಟಿಮೀಟರ್ ಹಿಂದೆ ಮುಂದೆ ತೂಗುತ್ತಾರೆ. ಕ್ಯಾಮೆರಾ ಹಿಡಿದ ನೀವೂ ಅಷ್ಟೇ. ಫೋಕಸ್ ಸರಿಯಾದ ಕ್ಷಣಕ್ಕೂ ಬಟನ್ ಒತ್ತಿದ ಕ್ಷಣಕ್ಕೂ ನಡುವೆ ಕಣ್ಣು ಆ ತೆಳು ಪದರದಿಂದ ಆಚೆ ಸರಿದಿರುತ್ತದೆ.

ಪೀಕಿಂಗ್ ಅನ್ನು ಪೂರ್ತಿ ನಂಬಬೇಡಿ. ಅದು ತೋರಿಸುವುದು ಬೆಳಕು ಮತ್ತು ಕಪ್ಪಿನ ಅಂಚನ್ನು ಮಾತ್ರ. ಹುಬ್ಬು, ರೆಪ್ಪೆ, ಕಾಡಿಗೆ, ಮೂಗುತಿ ಎಲ್ಲವೂ ಗಟ್ಟಿ ಅಂಚುಗಳೇ, ಹಾಗಾಗಿ ಫೋಕಸ್ ಎರಡು ಸೆಂಟಿಮೀಟರ್ ತಪ್ಪಿದ್ದರೂ ಕೆಂಪು ಗೆರೆ ಉಳಿಯುತ್ತದೆ. ಪೀಕಿಂಗ್ ಮಟ್ಟವನ್ನು 'ಲೋ'ಗೆ ಇಳಿಸಿ, ಅದನ್ನು ಅಂದಾಜಿಗಷ್ಟೇ ಬಳಸಿ. ಕೊನೆಯ ತೀರ್ಮಾನ ಮ್ಯಾಗ್ನಿಫೈ ಬಟನ್‌ನಿಂದಲೇ ಆಗಬೇಕು. ಕ್ಯಾಮೆರಾಕ್ಕೆ ಹತ್ತಿರವಿರುವ ಕಣ್ಣನ್ನು ಐದಾರು ಪಟ್ಟು ಹಿಗ್ಗಿಸಿ, ರೆಪ್ಪೆಯ ಕೂದಲು ಬಿಡಿಬಿಡಿಯಾಗಿ ಕಾಣುವವರೆಗೆ ರಿಂಗ್ ತಿರುಗಿಸಿ.

ಇಷ್ಟಾದ ಮೇಲೆ ರಿಂಗ್ ಮುಟ್ಟಬೇಡಿ. ಒಂದು ಕಾಲು ಮುಂದಿಟ್ಟು, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ನಿಲ್ಲಿ. ಕಣ್ಣು ಸ್ಪಷ್ಟತೆಗೆ ಬರುವುದನ್ನು ನಿಮ್ಮ ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿ ಹಿಡಿಯಿರಿ, ಆಗ ಮೂರು ನಾಲ್ಕು ಫೋಟೊಗಳನ್ನು ಒಟ್ಟಿಗೆ ಹೊಡೆಯಿರಿ. ಹೀಲಿಯೋಸ್‌ನ ರಿಂಗ್ ಬಹಳ ದೂರ ತಿರುಗುತ್ತದೆ. ಪ್ರತಿ ಸಲ ಅದನ್ನೇ ತಿರುಗಿಸುತ್ತ ಕುಳಿತರೆ ಮುಖದ ಮೇಲಿದ್ದ ಭಾವ ಹೋಗಿರುತ್ತದೆ. ಹಿಗ್ಗಿಸಿ ನೋಡುವ ಚೌಕವನ್ನು ಫ್ರೇಮಿನಲ್ಲಿ ಕಣ್ಣು ಎಲ್ಲಿ ಬರಬೇಕೋ ಅಲ್ಲಿಗೇ ಒಯ್ದಿಡಿ. ನಡುವೆ ಫೋಕಸ್ ಮಾಡಿ ಆಮೇಲೆ ಕ್ಯಾಮೆರಾ ವಾಲಿಸಿದರೆ ದೂರ ಬದಲಾಗುತ್ತದೆ. ಸಾಲದ್ದಕ್ಕೆ ಈ ಲೆನ್ಸಿನ ಫೋಕಸ್ ತಲ ಸಮತಟ್ಟಲ್ಲ, ಬಾಗಿದೆ.

ತಂಗಿಯನ್ನು ನಿಲ್ಲಿಸುವ ಬದಲು ಕೂರಿಸಿ, ಇಲ್ಲವೇ ಗೋಡೆಗೋ ಮರಕ್ಕೋ ಭುಜ ಆನಿಸಿ ನಿಲ್ಲಿಸಿ. ಇಷ್ಟರಿಂದಲೇ ತೂಗಾಟ ಬಹಳ ಕಡಿಮೆಯಾಗುತ್ತದೆ. ಅಪರ್ಚರನ್ನು ಎಫ್/2.8ಕ್ಕೆ ಇಳಿಸಿದರೆ ಒಂದೂವರೆ ಮೀಟರಿನಲ್ಲಿ ಆಳ 11 ಸೆಂ.ಮೀ. ಆಗುತ್ತದೆ, ಹಿನ್ನೆಲೆ ಆಗಲೂ ಸಾಕಷ್ಟು ಮಬ್ಬಾಗಿಯೇ ಉಳಿಯುತ್ತದೆ. 44-2ರಲ್ಲಿ ಅಪರ್ಚರಿಗೆ ಎರಡು ರಿಂಗ್ ಇವೆ. ಅಂಕಿಗಳಿರುವ ರಿಂಗನ್ನು 2.8ಕ್ಕೆ ಇಟ್ಟರೆ, ಅಂಕಿಗಳಿಲ್ಲದ ರಿಂಗ್ ಒಂದು ತುದಿಯಲ್ಲಿ 2, ಇನ್ನೊಂದು ತುದಿಯಲ್ಲಿ 2.8 ಆಗುತ್ತದೆ. ಕಣ್ಣು ವ್ಯೂಫೈಂಡರಿನಲ್ಲೇ ಇರುವಾಗ ಬೆರಳಿನಿಂದಲೇ ಎರಡರ ನಡುವೆ ಹೋಗಿ ಬರಬಹುದು.

ಪ್ರಶ್ನೆ: ಎಂ42 (ಹಳೆಯ ತಿರುಪು ಮೌಂಟ್) ಅಡಾಪ್ಟರ್ ಹಾಕಿದ ಮೇಲೆ ಕ್ಯಾಮೆರಾ ಕ್ಲಿಕ್ಕೇ ಆಗುತ್ತಿಲ್ಲ. 'ಲೆನ್ಸ್ ಇಲ್ಲ' ಎನ್ನುತ್ತದೆ. — ತುಮಕೂರು

ಉತ್ತರ: ಮೆನುವಿನಲ್ಲಿ 'ರಿಲೀಸ್ ವಿದೌಟ್ ಲೆನ್ಸ್' ಅಥವಾ 'ಶೂಟ್ ವಿದೌಟ್ ಲೆನ್ಸ್' ಎಂಬ ಆಯ್ಕೆ ಇರುತ್ತದೆ, ಅದನ್ನು ಆನ್ ಮಾಡಿ. ಬಾಡಿಯಲ್ಲೇ ಸ್ಟೆಬಿಲೈಸೇಷನ್ (ಕೈನಡುಕವನ್ನು ಸರಿದೂಗಿಸುವ ಏರ್ಪಾಡು) ಇದ್ದರೆ ಲೆನ್ಸಿನ ಫೋಕಲ್ ಲೆಂತ್ ಅನ್ನೂ ಕೈಯಾರೆ ನಮೂದಿಸಿ. 58 ಎಂಎಂ ಲೆನ್ಸಿಗೆ 135 ಎಂದು ಬಿಟ್ಟಿದ್ದರೆ ಕ್ಯಾಮೆರಾ ಅಗತ್ಯಕ್ಕಿಂತ ಹೆಚ್ಚು ಸರಿದೂಗಿಸಲು ಹೋಗಿ ತಾನೇ ಚಿತ್ರವನ್ನು ಅಲುಗಿಸುತ್ತದೆ. ಲೆನ್ಸ್ ಬದಲಿಸಿದಾಗಲೆಲ್ಲ ಈ ಅಂಕಿಯನ್ನೂ ಬದಲಿಸಬೇಕು, ಮರೆಯುವುದು ಇಲ್ಲಿಯೇ.

ಪ್ರಶ್ನೆ: ಹೀಲಿಯೋಸ್‌ನಲ್ಲಿ ಹಿನ್ನೆಲೆ ಸುಳಿಯಂತೆ ತಿರುಗುತ್ತದೆ ಎಂದು ಕೇಳಿ ಕೊಂಡೆ. ನಮ್ಮ ಅಡಿಕೆ ತೋಟದಲ್ಲಿ ಎಷ್ಟು ತೆಗೆದರೂ ಸುಳಿ ಬರುವುದಿಲ್ಲ. ಕ್ಯಾಮೆರಾ ಎಪಿಎಸ್-ಸಿ (ಫುಲ್‌ಫ್ರೇಮ್‌ಗಿಂತ ಸಣ್ಣ ಸೆನ್ಸರ್). — ಶಿರಸಿ

ಉತ್ತರ: ಕಾರಣ ಎರಡು: ಸೆನ್ಸರ್ ಮತ್ತು ತೋಟ.

ಹೀಲಿಯೋಸ್ 44 ಸರಣಿ ಜರ್ಮನಿಯ ಕಾರ್ಲ್ ಜೈಸ್ ಯೇನಾ ಬಯೋಟಾರ್ 58 ಎಂಎಂ ಎಫ್/2ರ ರಚನೆಯನ್ನು ಅನುಸರಿಸಿ ಸೋವಿಯತ್ ಒಕ್ಕೂಟದಲ್ಲಿ ತಯಾರಾದದ್ದು. ಫ್ರೇಮಿನ ಅಂಚಿಗೆ ಓರೆಯಾಗಿ ಬರುವ ಬೆಳಕನ್ನು ಲೆನ್ಸಿನ ಕೊಳವೆಯೇ ಸ್ವಲ್ಪ ಕತ್ತರಿಸುತ್ತದೆ. ಆಗ ಅಂಚಿನಲ್ಲಿರುವ ಬೆಳಕಿನ ಚುಕ್ಕಿಗಳು ದುಂಡಗಿರದೆ ಬೆಕ್ಕಿನ ಕಣ್ಣಿನ ಆಕಾರ ತಾಳುತ್ತವೆ, ಎಲ್ಲವೂ ನಡುವಿನ ಸುತ್ತ ಸಾಲುಗಟ್ಟುತ್ತವೆ. ಪೂರ್ತಿ ಸರಿಪಡಿಸದ ಅಸ್ಟಿಗ್ಮಾಟಿಸಂ (ಅಂಚಿನ ಚುಕ್ಕಿಯನ್ನು ಗೆರೆಯಾಗಿ ಎಳೆಯುವ ಲೆನ್ಸಿನ ದೋಷ) ಇದಕ್ಕೆ ಸೇರಿ ಸುಳಿ ಕಾಣುತ್ತದೆ. ಇದೆಲ್ಲ ನಡೆಯುವುದು ಅಂಚಿನಲ್ಲಿ. ಎಪಿಎಸ್-ಸಿ ಸೆನ್ಸರ್ ಆ ಅಂಚನ್ನೇ ಕತ್ತರಿಸಿ ನಡುಭಾಗವನ್ನು ಮಾತ್ರ ಇಟ್ಟುಕೊಳ್ಳುತ್ತದೆ. 0.71 ಪಟ್ಟಿನ ಗಾಜಿರುವ ಫೋಕಲ್ ರೆಡ್ಯೂಸರ್ ಅಡಾಪ್ಟರ್ ಹಾಕಿದರೆ ಕಳೆದ ಅಂಚಿನ ಬಹುಭಾಗ ಮರಳುತ್ತದೆ, ಆದರೆ ಇವು ಮಿರರ್‌ಲೆಸ್ ಕ್ಯಾಮೆರಾಗಳಿಗೆ ಮಾತ್ರ.

ಇನ್ನು ತೋಟ. ಅಡಿಕೆ ಮರಗಳ ನೇರ ಕಾಂಡಗಳು ಮಬ್ಬಾದಾಗ ಉದ್ದ ಪಟ್ಟಿಗಳಾಗುತ್ತವೆ ಹೊರತು ಚುಕ್ಕಿಗಳಾಗುವುದಿಲ್ಲ. ಸುಳಿಗೆ ಬೇಕಾದದ್ದು ಸಣ್ಣ ಎಲೆ, ಎಲೆಗಳ ಸಂದಿಯಲ್ಲಿ ತೂರಿಬರುವ ಬೆಳಕು. ಹುಣಸೆ, ಬಿದಿರ ಮೆಳೆ, ಲಂಟಾನಾ ಅಥವಾ ದಾಸವಾಳದ ಬೇಲಿ ಹಿನ್ನೆಲೆಗೆ ಒಳ್ಳೆಯವು. ಬೇಲಿಯಿಂದ ನಾಲ್ಕರಿಂದ ಆರು ಮೀಟರ್ ಮುಂದೆ ರೂಪದರ್ಶಿಯನ್ನು ನಿಲ್ಲಿಸಿ, ನೀವು ಒಂದೂವರೆ ಮೀಟರಿನ ಒಳಗೆ ಬನ್ನಿ, ಮುಖವನ್ನು ಫ್ರೇಮಿನ ನಡುವಿನಲ್ಲೇ ಇಡಿ, ಅಪರ್ಚರ್ ಎಫ್/2ರಲ್ಲೇ ಇರಲಿ. ಎಫ್/4ಕ್ಕೆ ಬಂದರೆ ಸುಳಿ ಹೆಚ್ಚುಕಡಿಮೆ ಮಾಯ. ಹಿನ್ನೆಲೆ ತೀರ ದೂರವಾದರೂ ಎಲೆಗಳೆಲ್ಲ ಕರಗಿ ಒಂದೇ ಹಸಿರು ಬಣ್ಣವಾಗುತ್ತದೆ, ಸುಳಿಯಲು ಏನೂ ಉಳಿಯುವುದಿಲ್ಲ.

ತೋಟದ ಒಳಗೇ ತೆಗೆಯಬೇಕೆಂದಿದ್ದರೆ 135 ಎಂಎಂ ಲೆನ್ಸ್ ಹುಡುಕಿ. 15 ಎಸಳಿನ ಅಪರ್ಚರ್ ಇರುವ ಪೆಂಟಾಕಾನ್ 135 ಎಂಎಂ ಎಫ್/2.8 ಕಾಂಡಗಳನ್ನು ಮೃದುವಾದ ನೇರ ಪಟ್ಟಿಗಳಾಗಿಸುತ್ತದೆ. ಅದರ ಮುಂದೆ ಮುಖ ಚೆನ್ನಾಗಿ ಎದ್ದು ಕಾಣುತ್ತದೆ. ಆ ನೋಟ ಸುಳಿಗಿಂತ ಅಡಿಕೆ ತೋಟಕ್ಕೆ ಹೆಚ್ಚು ಒಪ್ಪುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಕಡಲ ದಂಡೆಯಲ್ಲಿ ಸಂಜೆ ನಾಲ್ಕಕ್ಕೆ ಎಫ್/2ರಲ್ಲಿ ತೆಗೆದರೆ ಫೋಟೊ ಬಿಳಿಚಿಹೋಗುತ್ತದೆ. ಷಟರ್ 1/4000ಕ್ಕಿಂತ ಮೇಲೆ ಹೋಗುವುದಿಲ್ಲ. ಸೂರ್ಯ ಹಿಂದಿದ್ದರೆ ಇಡೀ ಚಿತ್ರಕ್ಕೆ ಹೊಗೆ ಕವಿದಂತೆ ಕಾಣುತ್ತದೆ. — ಮಂಗಳೂರು

ಉತ್ತರ: ನೇರ ಬಿಸಿಲಿನಲ್ಲಿ ಐಎಸ್‌ಒ 100ಕ್ಕೆ ಎಫ್/16, 1/125 ಎಂಬುದು ಹಳೆಯ ಫಿಲ್ಮ್ ಕಾಲದ ಸೂತ್ರ, ಇಂದಿಗೂ ಸರಿಯಾಗಿದೆ. ಎಫ್/16ರಿಂದ ಎಫ್/2ಕ್ಕೆ ಬರುವುದೆಂದರೆ ಆರು ಸ್ಟಾಪ್, ಒಂದೊಂದು ಸ್ಟಾಪಿಗೂ ಬೆಳಕು ಇಮ್ಮಡಿ. ಷಟರ್ 1/8000 ಬೇಕು. ನಿಮ್ಮ ಕ್ಯಾಮೆರಾದಲ್ಲಿ ಅದಿಲ್ಲ. ಮರಳು ಮತ್ತು ನೀರಿನಿಂದ ಪುಟಿಯುವ ಬೆಳಕು ಬೇರೆ ಸೇರುತ್ತದೆ. ಹೀಲಿಯೋಸ್ 44-2 ಆದರೆ ಅದಕ್ಕೆ 49 ಎಂಎಂನ ಎನ್‌ಡಿ8 (ಬೆಳಕನ್ನು ತಗ್ಗಿಸುವ ಗಾಢ ಗಾಜು) ಫಿಲ್ಟರ್ ತಿರುಗಿಸಿದರೆ ಮೂರು ಸ್ಟಾಪ್ ಬೆಳಕು ಕಡಿಮೆಯಾಗಿ 1/1000ಕ್ಕೆ ಇಳಿಯುತ್ತದೆ. ತಿರುಗಿಸಿ ಗಾಢತೆ ಬದಲಿಸುವ ಅಗ್ಗದ ಎನ್‌ಡಿಗಳು ಬೇಡ, ಗಾಢತೆ ಹೆಚ್ಚಿಸಿದಾಗ ಚಿತ್ರದ ಮೇಲೆ ಅಡ್ಡಾದಿಡ್ಡಿ ಕಪ್ಪು ನೆರಳು ಬೀಳುತ್ತದೆ.

ಆದರೆ ಫಿಲ್ಟರ್ ಎಕ್ಸ್‌ಪೋಷರನ್ನು ಸರಿಪಡಿಸುತ್ತದೆ, ಬೆಳಕಿನ ಗುಣವನ್ನಲ್ಲ. ನಾಲ್ಕು ಗಂಟೆಯ ಬಿಸಿಲಿಗೆ ಮುಖ ಒಡ್ಡಿದ ಹೊಸಬರು ಕಣ್ಣು ಕಿರಿದು ಮಾಡುತ್ತಾರೆ, ಹಣೆ ಗಂಟಿಕ್ಕುತ್ತಾರೆ. ಯಾವ ಲೆನ್ಸೂ ಅದನ್ನು ಬಿಡಿಸಲಾರದು. ಕಡಲ ದಂಡೆಗೆ ಹೋಗುವ ಮೊದಲು ನೆರಳಿನಲ್ಲಿ ಅಭ್ಯಾಸ ಮಾಡಿ. ಮನೆಯ ಜಗಲಿಯ ಅಂಚಿನಿಂದ ಒಂದು ಹೆಜ್ಜೆ ಒಳಗೆ ನಿಲ್ಲಿಸಿ, ಮುಖ ಅಂಗಳದ ಕಡೆಗಿರಲಿ. ತಲೆಯ ಮೇಲಿನ ಬೆಳಕನ್ನು ಮಾಡು ತಡೆಯುತ್ತದೆ, ಎದುರಿನ ತೆರೆದ ಆಕಾಶ ಎರಡು ಕಣ್ಣನ್ನೂ ತುಂಬುತ್ತದೆ. ಇಂಥ ಕಡೆ ಬಿಸಿಲಿಗಿಂತ ಮೂರು ಸ್ಟಾಪ್‌ನಷ್ಟು ಕಡಿಮೆ ಬೆಳಕಿರುತ್ತದೆ. ಎಫ್/2, ಐಎಸ್‌ಒ 100ಕ್ಕೆ 1/1000 ಆಸುಪಾಸು ಸಿಗುತ್ತದೆ, ಫಿಲ್ಟರೇ ಬೇಡ. ಮರದ ಕೆಳಗೆ ಎಲೆಗಳ ಸಂದಿಯಿಂದ ಬಿಸಿಲಿನ ಮಚ್ಚೆಗಳು ಬೀಳುವ ಜಾಗ ಮಾತ್ರ ನೆರಳೆಂದು ಮೋಸ ಹೋಗಬೇಡಿ.

ಸಂಜೆಯ ಹೊನ್ನಿನ ಬೆಳಕಿನ ಬಗ್ಗೆ ಒಂದು ಎಚ್ಚರಿಕೆ. ಯುರೋಪಿನವರು ಬರೆದ ಪುಸ್ತಕಗಳಲ್ಲಿ ಅದಕ್ಕೆ ಧಾರಾಳ ಸಮಯ ಕೊಟ್ಟಿರುತ್ತಾರೆ. ಮಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ, ಇಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ದಿಗಂತದಿಂದ 6 ಡಿಗ್ರಿ ಮೇಲಿದ್ದವನು ಮುಳುಗಲು ಮಾರ್ಚ್ ತಿಂಗಳ ವಿಷುವದ ಹೊತ್ತಿಗೆ ನಮ್ಮಲ್ಲಿ ಸುಮಾರು 25 ನಿಮಿಷ ಸಾಕು. 55 ಡಿಗ್ರಿ ಅಕ್ಷಾಂಶದಲ್ಲಿ 40 ನಿಮಿಷಕ್ಕೂ ಹೆಚ್ಚು ಬೇಕು. ಆದ್ದರಿಂದ ಜಾಗ, ಕೋನ, ದೂರ ಎಲ್ಲವನ್ನೂ ಅರ್ಧ ಗಂಟೆ ಮೊದಲೇ ಗೊತ್ತುಮಾಡಿಕೊಂಡಿರಬೇಕು.

ನೀವು ಹೇಳುವ ಹೊಗೆ ಲೆನ್ಸಿನೊಳಗೆ ಚದುರಿದ ಬೆಳಕು. ಹಳೆಯ ಲೆನ್ಸುಗಳಲ್ಲಿ ಹಲವಕ್ಕೆ ಗಾಜಿನ ಮೇಲೆ ಒಂದೇ ಪದರದ ಲೇಪನ ಇರುತ್ತದೆ, ಪಕ್ಕದಿಂದ ಬಿದ್ದ ಬೆಳಕನ್ನು ಅದು ತಡೆಯಲಾರದು. ಎಲ್ಲಕ್ಕಿಂತ ಕೆಟ್ಟದ್ದು ಸೂರ್ಯ ಫ್ರೇಮಿನಿಂದ ಸ್ವಲ್ಪವೇ ಹೊರಗಿರುವ ಸ್ಥಿತಿ. ಸೂರ್ಯನನ್ನು ರೂಪದರ್ಶಿಯ ತಲೆಯ ಹಿಂದೆಯೇ ಮರೆಸಿ, ಅಥವಾ ಗಾಳಿಮರದ ಕಾಂಡವೊಂದನ್ನು ಅಡ್ಡ ತನ್ನಿ. 49 ಎಂಎಂನ ರಬ್ಬರ್ ಹುಡ್ ಹಾಕಿ, ಸಾಲದಿದ್ದರೆ ಎಡಗೈಯನ್ನು ಲೆನ್ಸಿನ ಮೇಲೆ ಚಾಚಿ ನೆರಳು ಮಾಡಿ. ಸ್ವಲ್ಪ ಮಂಜು ಬೇಕೆಂದೇ ಇದ್ದರೂ ಫೋಕಸ್ ಮಾಡುವಾಗ ಕೈ ಅಡ್ಡ ಇರಲಿ, ಫೋಕಸ್ ಆದ ಮೇಲೆ ತೆಗೆಯಿರಿ. ಮಂಜಿನಲ್ಲಿ ಪೀಕಿಂಗ್ ಏನನ್ನೂ ತೋರಿಸುವುದಿಲ್ಲ. ಮನೆಗೆ ಬಂದ ಕೂಡಲೇ ಲೆನ್ಸಿನ ಲೋಹವನ್ನು ಸ್ವಲ್ಪ ಒದ್ದೆ ಮಾಡಿ ಹಿಂಡಿದ ಮೆತ್ತನೆ ಬಟ್ಟೆಯಿಂದ ಒರೆಸಿ ಒಣಗಿಸಿ. ಉಪ್ಪುಗಾಳಿ ಹಳೆಯ ತಿರುಪುಗಳನ್ನು ತಿನ್ನುತ್ತದೆ.

ಪ್ರಶ್ನೆ: ಗೆಳತಿಯೊಬ್ಬಳು ಮೊದಲ ಸಲ ರೂಪದರ್ಶಿಯಾಗಲು ಒಪ್ಪಿದ್ದಾಳೆ. ಮಾತಾಡುವಾಗ ಎಷ್ಟು ಚೆಂದ ನಗುತ್ತಾಳೋ, ಕ್ಯಾಮೆರಾ ಎತ್ತಿದರೆ ಅಷ್ಟೇ ಬಿಗಿಯಾಗುತ್ತಾಳೆ. ಮ್ಯಾನ್ಯುವಲ್ ಲೆನ್ಸ್ ಆದ್ದರಿಂದ ನನಗೂ ಸಮಯ ಹಿಡಿಯುತ್ತದೆ. ಏನು ಮಾಡಲಿ? — ಹಾಸನ

ಉತ್ತರ: ನೀವು ಫೋಕಸ್ ಮಾಡುವಾಗ ಮೌನವಾಗುತ್ತೀರಿ, ತೊಂದರೆ ಅಲ್ಲಿಂದ ಶುರು. ಕ್ಯಾಮೆರಾದ ಹಿಂದೆ ಮುಖ ಮರೆಮಾಡಿಕೊಂಡು ನಾಲ್ಕೈದು ಸೆಕೆಂಡ್ ಸುಮ್ಮನಿದ್ದರೆ, ಎದುರಿನವರು 'ನಾನೇನೋ ತಪ್ಪು ಮಾಡುತ್ತಿದ್ದೇನೆ' ಎಂದುಕೊಳ್ಳುತ್ತಾರೆ. ಆಟೋಫೋಕಸ್‌ನಲ್ಲಿ ಈ ಮೌನ ಇರುವುದೇ ಇಲ್ಲ. ಆದ್ದರಿಂದ ಮೊದಲೇ ಹೇಳಿಬಿಡಿ: "ಇದು ಹಳೆ ಲೆನ್ಸ್, ಕೈಯಲ್ಲೇ ಫೋಕಸ್ ಮಾಡಬೇಕು. ನಾನು ಸುಮ್ಮನಾದರೆ ರಿಂಗ್ ತಿರುಗಿಸುತ್ತಿದ್ದೇನೆ ಅಂತ ತಿಳ್ಕೋ. ಅಷ್ಟು ಹೊತ್ತು ನೆಲ ನೋಡ್ತಾ ಆರಾಮಾಗಿರು. 'ಸರಿ' ಅಂದಾಗ ಕಣ್ಣೆತ್ತು." ಇದರಿಂದ ಎರಡು ಲಾಭ. ನಗುವನ್ನು ಹಿಡಿದಿಟ್ಟುಕೊಳ್ಳುವ ಶ್ರಮ ಅವಳಿಗೆ ತಪ್ಪುತ್ತದೆ, ಕಣ್ಣೆತ್ತಿದ ಮೊದಲ ಕ್ಷಣದಲ್ಲಿ ನೋಟ ತಾಜಾ ಇರುತ್ತದೆ. ತಲೆ ಎತ್ತಿದಾಗ ಕಣ್ಣಿನ ದೂರ ಸ್ವಲ್ಪ ಬದಲಾಗುತ್ತದೆ, ಆದ್ದರಿಂದ ಇಲ್ಲಿ ಎಫ್/2.8ಕ್ಕಿಂತ ಅಗಲ ಬೇಡ.

ಅವಳು ಬರುವ ಮೊದಲೇ ಅರ್ಧ ಕೆಲಸ ಮುಗಿಯಬೇಕು. ಜೊತೆಗೆ ಬಂದ ಯಾರನ್ನಾದರೂ ಅದೇ ಜಾಗದಲ್ಲಿ ನಿಲ್ಲಿಸಿ ಎಕ್ಸ್‌ಪೋಷರ್, ಹಿನ್ನೆಲೆ, ನಿಮ್ಮ ದೂರ ಎಲ್ಲ ಗೊತ್ತುಮಾಡಿ, ಅವರ ಮುಖಕ್ಕೆ ಫೋಕಸ್ ಮಾಡಿ ರಿಂಗ್ ಹಾಗೇ ಬಿಡಿ. ನಿಂತ ಜಾಗಕ್ಕೆ ಒಂದು ಕಲ್ಲಿಡಿ. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ಕ್ಯಾಮೆರಾವನ್ನು ಹೊಂದಿಸುವ ಆಯ್ಕೆ) ಆಟೋದಲ್ಲಿ ಬೇಡ. ನೆರಳಿನಲ್ಲಿ 7000 ಕೆಲ್ವಿನ್ ಆಸುಪಾಸಿಗೆ ನಿಲ್ಲಿಸಿದರೆ ಎಲ್ಲ ಫೋಟೊಗಳ ಬಣ್ಣ ಒಂದೇ ಬರುತ್ತದೆ.

ಹಿಂದಿನ ದಿನ ಎಂಥ ಫೋಟೊ ಬೇಕೆಂದು ಮೂರು ನಾಲ್ಕು ಮಾದರಿಗಳನ್ನು ಕಳಿಸಿ. ಬಟ್ಟೆ ಒಂದೇ ಬಣ್ಣದ್ದು, ತೀರ ಬಿಳಿಯೂ ಅಲ್ಲದ ತೀರ ಕಪ್ಪೂ ಅಲ್ಲದ್ದು ಇರಲಿ. ಸಣ್ಣ ಗೆರೆಗಳ ಬಟ್ಟೆ ಡಿಜಿಟಲ್‌ನಲ್ಲಿ ಅಲೆಯಂತೆ ಕಾಣುವುದುಂಟು. ಅಕ್ಕನನ್ನೋ ಸ್ನೇಹಿತೆಯನ್ನೋ ಕರೆತರಲು ಹೇಳಿ. ಕೂದಲು, ಸೆರಗು ಸರಿಮಾಡುವ ಕೆಲಸ ಅವರದ್ದು, ನೀವು ಮುಟ್ಟಬಾರದು. ಒಂದು ಗಂಟೆಗೆ ಮುಗಿಸುತ್ತೇನೆಂದರೆ ಒಂದು ಗಂಟೆಗೇ ಮುಗಿಸಿ. ಫೋಟೊಗಳನ್ನು ಎಲ್ಲಿ ಹಾಕುತ್ತೀರಿ, ಅವಳು ಬೇಡವೆಂದದ್ದನ್ನು ಅಳಿಸುತ್ತೀರಾ ಎಂಬುದು ಕ್ಯಾಮೆರಾ ಹೊರತೆಗೆಯುವ ಮೊದಲೇ ಇತ್ಯರ್ಥವಾಗಲಿ.

ನಿಲುವಿಗೆ ಉದ್ದ ಉದ್ದ ಸೂಚನೆ ಕೊಡಬೇಡಿ, ನೀವೇ ಮಾಡಿ ತೋರಿಸಿ. ಮೈ ಸ್ವಲ್ಪ ಓರೆ, ತೂಕ ಹಿಂದಿನ ಕಾಲಿನ ಮೇಲೆ, ಭುಜ ಸಡಿಲ. ಗಲ್ಲವನ್ನು ಕ್ಯಾಮೆರಾದತ್ತ ಒಂದು ಇಂಚು ಮುಂದೆ ತಂದು ಆಮೇಲೆ ಚೂರು ಕೆಳಗಿಳಿಸಲು ಹೇಳಿ. ಹೊಸಬರು ನಾಚಿ ಗಲ್ಲವನ್ನು ಕುತ್ತಿಗೆಗೆ ಒತ್ತಿಕೊಳ್ಳುವುದರಿಂದಲೇ ಮಡಿಕೆ ಕಾಣುವುದು. ದಿಕ್ಕು ಹೇಳುವಾಗ ಯಾವಾಗಲೂ ಅವಳ ಎಡ, ಅವಳ ಬಲ. ಕೈಗಳಿಗೆ ಏನಾದರೂ ಕೆಲಸ ಕೊಡಿ: ಹೂವಿನ ದಂಡೆ, ಕಾಫಿ ಲೋಟ, ಸೆರಗಿನ ಅಂಚು. ಅಂಗೈಯ ಅಗಲ ಭಾಗಕ್ಕಿಂತ ಕೈಯ ಪಕ್ಕ ಕ್ಯಾಮೆರಾ ಕಡೆಗಿದ್ದರೆ ಬೆರಳು ನೀಳವಾಗಿ ಕಾಣುತ್ತವೆ. 'ನಗು' ಎಂದು ಹೇಳಲೇಬೇಡಿ. ಉತ್ತರ ಬಯಸುವ ಒಂದು ಪ್ರಶ್ನೆ ಕೇಳಿ, ಉತ್ತರ ಮುಗಿದು ತುಟಿ ಕೂಡುವ ಹೊತ್ತಿಗೆ ಕ್ಲಿಕ್ ಮಾಡಿ. ಮಾತಿನ ನಡುವೆ ತೆಗೆದರೆ ಬಾಯಿ ವಕ್ರವಾಗಿರುತ್ತದೆ.

ಮೊದಲ ಹತ್ತು ಹದಿನೈದು ನಿಮಿಷದ ಫೋಟೊಗಳು ಬಿಗಿ ಸಡಿಲಿಸುವುದಕ್ಕೆ ಎಂದುಕೊಳ್ಳಿ. ಅವುಗಳಲ್ಲಿ ಚೆನ್ನಾಗಿ ಬಂದ ಒಂದನ್ನು ಮಾತ್ರ ಸ್ಕ್ರೀನಿನಲ್ಲಿ ತೋರಿಸಿ, ಉಳಿದವನ್ನು ಬೇಡ. ಇನ್ನೂ ಬಿಗಿಯಾಗಿದ್ದರೆ ನಡೆಸಿ. ಆ ಕಲ್ಲಿನ ಮೇಲೆ ಜೊತೆಗಾರರನ್ನು ನಿಲ್ಲಿಸಿ ಮೂರು ಮೀಟರ್ ದೂರದಿಂದ ಅವರ ಮುಖಕ್ಕೆ ಫೋಕಸ್ ಮಾಡಿಟ್ಟುಕೊಳ್ಳಿ, ಎಫ್/4, 1/500. 58 ಎಂಎಂ ಲೆನ್ಸಿನಲ್ಲಿ ಆಳ 60 ಸೆಂ.ಮೀ. ಮೀರಿ ಸಿಗುತ್ತದೆ. ಅವಳು ನಿಧಾನವಾಗಿ ನಡೆದು ಬರಲಿ, ಕಲ್ಲಿಗೆ ಅರ್ಧ ಹೆಜ್ಜೆ ಇರುವಾಗ ಸಾಲಾಗಿ ನಾಲ್ಕೈದು ಹೊಡೆಯಿರಿ. ನಡೆಯುವವರಿಗೆ ತಮ್ಮ ಕೈಗಳ ಚಿಂತೆ ಇರುವುದಿಲ್ಲ.

ಪ್ರಶ್ನೆ: ನಿಕಾನ್ ಡಿ5600ಕ್ಕೆ ಹಳೆಯ ನಿಕ್ಕೋರ್ 105 ಎಂಎಂ ಎಫ್/2.5 ಹಾಕಬಹುದೇ? ಎಂ42 ಲೆನ್ಸ್? — ಮೈಸೂರು

ಉತ್ತರ: 105 ಎಂಎಂ ಧಾರಾಳವಾಗಿ ಹಾಕಿ, ಭಾವಚಿತ್ರಕ್ಕೆ ಅದಕ್ಕಿಂತ ಒಳ್ಳೆಯ ಹಳೆಯ ಲೆನ್ಸುಗಳು ಕಡಿಮೆ. 1977ರಲ್ಲಿ ಬಂದ ಎಐ ಪದ್ಧತಿಗಿಂತ (ಲೆನ್ಸಿನ ಅಪರ್ಚರನ್ನು ಬಾಡಿಗೆ ತಿಳಿಸುವ ನಿಕಾನ್ ಏರ್ಪಾಡು) ಹಿಂದಿನವೂ ಈ ಬಾಡಿಗೆ ಕೂರುತ್ತವೆ. ಡಿ7200ರಂಥ ಬಾಡಿಗಳಿಗೆ ಮಾತ್ರ ಎಐ ಅಲ್ಲದ ಲೆನ್ಸ್ ಹಾಕಬೇಡಿ, ಮೌಂಟಿನ ಅಂಚಿನಲ್ಲಿರುವ ಸಣ್ಣ ನಾಲಿಗೆ ಮುರಿಯಬಹುದು. ನಿಮ್ಮ ಡಿ5600 ಈ ಲೆನ್ಸಿನೊಂದಿಗೆ ಬೆಳಕನ್ನು ಅಳೆಯುವುದಿಲ್ಲ. ಎಂ (ಮ್ಯಾನ್ಯುವಲ್) ಮೋಡಿನಲ್ಲಿಟ್ಟು, ಒಂದು ಫೋಟೊ ತೆಗೆದು ಹಿಸ್ಟೋಗ್ರಾಂ (ಚಿತ್ರದ ಕಪ್ಪು ಬಿಳುಪಿನ ಹಂಚಿಕೆ ತೋರಿಸುವ ನಕ್ಷೆ) ನೋಡಿ ಹೊಂದಿಸಬೇಕು. ವ್ಯೂಫೈಂಡರಿನ ಹಸಿರು ಚುಕ್ಕಿ ಫೋಕಸ್ ಸರಿಯೆಂದು ಹೇಳುತ್ತದಾದರೂ ಎಫ್/2.5ರಲ್ಲಿ ಅದು ಒರಟು ಸೂಚನೆ. ಇಂದಿನ ಡಿಎಸ್‌ಎಲ್‌ಆರ್‌ಗಳ ಗಾಜಿನ ಪರದೆಯೂ ಎಫ್/2.8ರ ಹತ್ತಿರದ ಆಳವನ್ನಷ್ಟೇ ತೋರಿಸುತ್ತದೆ. ಲೈವ್ ವ್ಯೂ ಹಿಗ್ಗಿಸಿ ನೋಡುವುದೇ ಭದ್ರ.

ಎಂ42 ಲೆನ್ಸುಗಳಿಗೆ ಮೌಂಟಿನಿಂದ ಫಿಲ್ಮಿನವರೆಗಿನ ದೂರ 45.46 ಎಂಎಂ, ನಿಕಾನ್ ಎಫ್ ಮೌಂಟಿಗೆ 46.5. ಹಾಗಾಗಿ ಗಾಜಿಲ್ಲದ ಅಡಾಪ್ಟರ್ ಹಾಕಿದರೆ 58 ಎಂಎಂ ಲೆನ್ಸಿಗೆ ಒಂದೂವರೆ ಎರಡು ಮೀಟರಿನಾಚೆ ಫೋಕಸ್ ಆಗದು. ಮುಖದ ಚಿತ್ರಕ್ಕೆ ಅಷ್ಟು ಸಾಕು. ಗಾಜಿರುವ ಅಗ್ಗದ ಅಡಾಪ್ಟರ್ ದೂರವನ್ನು ಸರಿಮಾಡಿ ಚಿತ್ರವನ್ನು ಮಂಕಾಗಿಸುತ್ತದೆ, ಅದನ್ನು ಕೊಳ್ಳಬೇಡಿ.

ಪ್ರಶ್ನೆ: ಎಣ್ಣೆಗಪ್ಪು ಮೈಬಣ್ಣದವರ ಮುಖ ಒಮ್ಮೆ ಬಿಳಿಚುತ್ತದೆ, ಒಮ್ಮೆ ಕಪ್ಪಿಡುತ್ತದೆ. ಹುಲ್ಲಿನ ಮೇಲೆ ಕೂರಿಸಿದರೆ ಗಲ್ಲದ ಕೆಳಗೆ ಹಸಿರು. — ಕಲಬುರಗಿ

ಉತ್ತರ: ಕ್ಯಾಮೆರಾದ ಮೀಟರ್ ತಾನು ನೋಡುವುದೆಲ್ಲ ಸರಾಸರಿ ಬೂದು ಬಣ್ಣ ಎಂದು ಭಾವಿಸುತ್ತದೆ. ಹಿನ್ನೆಲೆ ಗಾಢವಿದ್ದರೆ ಮುಖವನ್ನು ಬಿಳಿಚಿಸುತ್ತದೆ, ಬಿಳಿ ಗೋಡೆಯೋ ಆಕಾಶವೋ ಇದ್ದರೆ ಕಪ್ಪಿಡಿಸುತ್ತದೆ. ಮೈಬಣ್ಣದ ತಪ್ಪೇನೂ ಇಲ್ಲಿಲ್ಲ. ಅಂಗೈಯಿಂದ ಅಳೆಯಿರಿ. ಮೈಬಣ್ಣ ಯಾವುದಿದ್ದರೂ ಅಂಗೈಗಳಲ್ಲಿ ಅಷ್ಟು ವ್ಯತ್ಯಾಸವಿರುವುದಿಲ್ಲ, ಅದು ಆ ಬೂದು ಬಣ್ಣಕ್ಕಿಂತ ಸುಮಾರು ಒಂದು ಸ್ಟಾಪ್ ಬೆಳ್ಳಗೆ. ಮುಖದ ಮೇಲೆ ಬೀಳುವ ಬೆಳಕಿಗೇ ಅಂಗೈ ಒಡ್ಡಿ, ಸ್ಪಾಟ್ ಮೀಟರಿನಲ್ಲಿ ಅಳೆದು, ಒಂದು ಸ್ಟಾಪ್ ಹೆಚ್ಚಿಸಿ ಎಂ ಮೋಡಿನಲ್ಲಿ ಲಾಕ್ ಮಾಡಿ. ಬೆಳಕು ಬದಲಾಗುವವರೆಗೆ ಅದೇ ಇರಲಿ. ತಲೆಯಲ್ಲಿ ಮಲ್ಲಿಗೆ, ಸೀರೆಯಲ್ಲಿ ಜರಿ ಇದ್ದರೆ ಅವು ಬಿಳಿಚಿಲ್ಲವೇ ಎಂದು ಹೈಲೈಟ್ ಎಚ್ಚರಿಕೆಯಲ್ಲಿ ನೋಡಿ, ಬೇಕಿದ್ದರೆ ಮೂರನೇ ಒಂದು ಸ್ಟಾಪ್ ಇಳಿಸಿ, ರಾ ಫೈಲ್ ತೆಗೆಯಿರಿ.

ಗಾಢ ಮೈಬಣ್ಣದ ಚೆಲುವು ಅದರ ಹೊಳಪಿನಲ್ಲಿದೆ. ಎಕ್ಸ್‌ಪೋಷರ್ ಏರಿಸಿ ಬೆಳ್ಳಗಾಗಿಸಲು ಹೋದರೆ ಆ ಹೊಳಪೇ ಹೋಗುತ್ತದೆ. ಬದಲಿಗೆ ಬೆಳಕಿನ ಮೂಲವನ್ನು ದೊಡ್ಡದು ಮಾಡಿ: ಮೂರಡಿಯ ಬಿಳಿ ಥರ್ಮಾಕೋಲ್ ಹಾಳೆಯನ್ನು ಮುಖದಿಂದ ಎರಡು ಮೂರು ಅಡಿ ದೂರದಲ್ಲಿ, ನೆರಳಿರುವ ಕಡೆ ಹಿಡಿಸಿ. ಬೆಳ್ಳಿ ಬಣ್ಣದ ರಿಫ್ಲೆಕ್ಟರ್ ಹೊಸಬರ ಕಣ್ಣು ಚುಚ್ಚುತ್ತದೆ. ಮುಖಕ್ಕೆ ಪೌಡರ್ ಬೇಡ, ಫೋಟೊದಲ್ಲಿ ಬೂದಿ ಬಡಿದಂತೆ ಕಾಣುತ್ತದೆ. ಬೆವರನ್ನು ಟಿಶ್ಯೂವಿನಿಂದ ಒತ್ತಿ ತೆಗೆದರೆ ಸಾಕು.

ಗಲ್ಲದ ಹಸಿರು ಹುಲ್ಲಿನಿಂದ ಪುಟಿದ ಬೆಳಕು. ವೈಟ್ ಬ್ಯಾಲೆನ್ಸ್ ಬದಲಿಸಿದರೆ ಇಡೀ ಚಿತ್ರ ಕೆನ್ನೇರಳೆಗೆ ತಿರುಗುತ್ತದೆ. ಫ್ರೇಮಿಗೆ ಸಿಗದಂತೆ ನೆಲಕ್ಕೊಂದು ಬಿಳಿ ಪಂಚೆ ಹಾಸಿ, ಇಲ್ಲವೇ ಕಲ್ಲುಚಪ್ಪಡಿಯ ಮೇಲೆ ಕೂರಿಸಿ.

ಪ್ರಶ್ನೆ: ಹಳೆಯ ಲೆನ್ಸ್ ಕೊಳ್ಳುವಾಗ ಏನು ನೋಡಬೇಕು? ನಮ್ಮಲ್ಲಿ ಮಳೆಗಾಲದಲ್ಲಿ ಎಲ್ಲಕ್ಕೂ ಬೂಷ್ಟು. ಸಿಗುತ್ತಿರುವ ಟಾಕುಮಾರ್ 50 ಎಂಎಂ ಎಫ್/1.4ರ ಗಾಜು ಚಹಾ ಬಣ್ಣಕ್ಕಿದೆ. — ಮಡಿಕೇರಿ

ಉತ್ತರ: ಟಾರ್ಚ್ ಒಯ್ಯಿರಿ. ಅಪರ್ಚರ್ ಪೂರ್ತಿ ತೆರೆದು ಒಂದು ಕಡೆಯಿಂದ ಬೆಳಕು ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಕವಲುಗಳು ಕಂಡರೆ ಬೂಷ್ಟು, ಬಿಟ್ಟುಬಿಡಿ. ಒಂದೇ ಸಮನೆ ಹಬ್ಬಿದ ಮಂಜು ಗ್ರೀಸಿನ ಆವಿ, ಬಿಚ್ಚಿ ಒರೆಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಕಲೆ ಇದ್ದರೆ ಗಾಜುಗಳ ಅಂಟು ಬಿಟ್ಟಿದೆ, ಅದು ರಿಪೇರಿಗೆ ಯೋಗ್ಯವಲ್ಲ. ಒಳಗಿನ ಧೂಳಿನ ನಾಲ್ಕು ಕಣಗಳಿಗೆ ಹೆದರಬೇಡಿ. ಅಪರ್ಚರ್ ಎಸಳುಗಳ ಮೇಲೆ ಎಣ್ಣೆ ಇದ್ದರೆ ಹೀಲಿಯೋಸ್ 44-2ರಂಥ ಕೈಯಿಂದ ಮುಚ್ಚುವ ಲೆನ್ಸುಗಳಿಗೆ ಬಾಧೆಯಿಲ್ಲ. ಸ್ಪ್ರಿಂಗಿನಿಂದ ತಾನೇ ಮುಚ್ಚುವ ಲೆನ್ಸುಗಳಲ್ಲಿ ಎಸಳು ಅಂಟಿಕೊಳ್ಳುತ್ತದೆ.

ಮಡಿಕೇರಿಯ ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಲೆನ್ಸ್ ಇಡಬೇಡಿ, ಚರ್ಮ ತೇವ ಹಿಡಿದಿಡುತ್ತದೆ. ರಬ್ಬರ್ ಅಂಚಿನ, ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ ಸಾಕು. ಮುಳ್ಳು 45ರಿಂದ 50 ಪ್ರತಿಶತದ ಆಸುಪಾಸಿನಲ್ಲಿರಲಿ. ಬಣ್ಣ ಬದಲಾದ ಜೆಲ್ಲನ್ನು ಓವನ್‌ನಲ್ಲಿ 110–120 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಡಬ್ಬಿಗಿಂತಲೂ ಮುಖ್ಯ, ಬಿಸಿಲು ಬಿದ್ದ ದಿನ ಲೆನ್ಸನ್ನು ಹೊರತೆಗೆದು ಬಳಸುವುದು.

ಟಾಕುಮಾರ್‌ನ ಚಹಾ ಬಣ್ಣ ಕೊಳೆಯಲ್ಲ. ಅದರ ಹಿಂಭಾಗದ ಗಾಜಿನಲ್ಲಿ ಥೋರಿಯಂ ಇದೆ, ಅದರ ವಿಕಿರಣದಿಂದ ಗಾಜು ವರ್ಷಗಳು ಕಳೆದಂತೆ ಹಳದಿಗಟ್ಟುತ್ತದೆ. ಕ್ಯಾಮೆರಾದಲ್ಲಿ ಬಳಸುವುದಕ್ಕೆ ಅಪಾಯವಿಲ್ಲ, ಗಾಜನ್ನು ಉಜ್ಜುವುದು ಕೆರೆಯುವುದು ಮಾಡಬಾರದು ಅಷ್ಟೇ. ಬೂಷ್ಟು, ಅಂಟುಬಿಡುವಿಕೆ ಇಲ್ಲದಿದ್ದರೆ ಕೊಳ್ಳಿ. ನೇರಳಾತೀತ ಎಲ್‌ಇಡಿ ದೀಪವನ್ನು ಹಿಂದಿನ ಗಾಜಿಗೆ ಹತ್ತಿರವಿಟ್ಟು, ಮುಂದಿನ ಗಾಜಿನ ಕಡೆ ಅಲ್ಯೂಮಿನಿಯಂ ಹಾಳೆ ಮುಚ್ಚಿ, ಕೆಲವು ದಿನ ಬೆಳಗಿಸಿ. ಬಣ್ಣ ತಿಳಿಯಾಗುತ್ತ ಬರುತ್ತದೆ. ಉರಿಯುವ ದೀಪವನ್ನು ದಿಟ್ಟಿಸಬೇಡಿ. ಕಿಟಕಿಯ ಬಿಸಿಲಿನಲ್ಲೂ ಇದಾಗುತ್ತದೆ, ವಾರಗಳು ಬೇಕು. ಆದರೆ ಬಿಸಿಲಿಗಿಟ್ಟ ಲೆನ್ಸ್ ಭೂತಗನ್ನಡಿಯಾಗಿ ಪರದೆಗೋ ಕಾಗದಕ್ಕೋ ಬೆಂಕಿ ಹಚ್ಚಬಲ್ಲದು, ಅದರ ಬಿಸಿಗೆ ಒಳಗಿನ ಗ್ರೀಸ್ ಕರಗಿ ಎಸಳಿಗೂ ಹರಿಯಬಹುದು. ಆದ್ದರಿಂದ ದೀಪವೇ ಮೇಲು, ದಿನಕ್ಕೊಮ್ಮೆ ಬಿಳಿ ಕಾಗದದ ಮೇಲೆ ಲೆನ್ಸ್ ಇಟ್ಟು ಬಣ್ಣ ಎಷ್ಟು ಇಳಿದಿದೆ ನೋಡುತ್ತಿರಿ.